ಯಾರಿಗೆ ಏನು ಬಾರದೆಂದು ಹುಡುಕುವಾಕೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಲಾಂಡ್ರಿಯ ಹಿಂಬಾಗಿಲಿಗೆ ಆಸ್ಪತ್ರೆಯ ಲಾರಿ ಬೆನ್ನು ಕೊಟ್ಟು ನಿಂತಿದೆ. ಮಾಸಿದ ಬಟ್ಟೆಯ ಗಂಟುಗಳು ಧೊಪ್ಪೆಂದು ಕೆಳಗಿಳಿಯುತ್ತಿವೆ. ಒಳಗೆ, ಆಳೆತ್ತರದ ತೊಳೆಯುವ ಯಂತ್ರದ ಮುಂದೆ, ಐವತ್ತು ದಾಟಿದ ಹೆಂಗಸೊಬ್ಬರು ಕೂದಲನ್ನು ಟೊಪ್ಪಿಗೆಯೊಳಗೆ ತುರುಕಿಕೊಂಡು, ತೋಳು ಮೇಲೇರಿಸಿ, ಶಾಲೆಗೆ ಹೊಸದಾಗಿ ಸೇರಿದವರ ಹಾಗೆ ಕೈಕಟ್ಟಿ ನಿಂತಿದ್ದಾರೆ.

“ನಂಗೊಂಚೂರು ಕಲಿಸಪ್ಪ,” ಎನ್ನುತ್ತಾರೆ ಯಂತ್ರ ನಡೆಸುವವನಿಗೆ. “ನಾನು ಇವತ್ತೇ ಕೆಲಸಕ್ಕೆ ಬಂದವಳು ಅಂತ ಅಂದ್ಕೋ.”

“ಬೆಳಗ್ಗೆ ಬೆಳಗ್ಗೆ ಪರೀಕ್ಷೆನಾ ಅಕ್ಕ?”

“ಪರೀಕ್ಷೆ ನಂಗೆ. ನೀನು ಮೇಷ್ಟ್ರು. ಶುರು ಮಾಡು.”

ಅವನು ಗಂಟಲು ಸರಿಮಾಡಿಕೊಳ್ಳುತ್ತಾನೆ. ಬಟ್ಟೆ ಎಲ್ಲಿಯವರೆಗೆ ತುಂಬಬೇಕು, ಸೋಪಿನ ಪುಡಿ ಯಾವಾಗ ಹಾಕಬೇಕು, ಬಿಸಿನೀರು ಎಷ್ಟಿರಬೇಕು ಎಂದು ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಬಾಗಿಲು ಮುಚ್ಚುತ್ತಾನೆ. ಅಂಗೈಯಿಂದ ಬಾಗಿಲ ಮೇಲೆ ಎರಡು ಸಲ ತಟ್ಟುತ್ತಾನೆ. ಆಮೇಲೆ ಗುಂಡಿ ಒತ್ತಲು ಕೈ ಎತ್ತುತ್ತಾನೆ.

“ತಟ್ಟಿದ್ದು ಯಾಕೆ?”

“ಅದು ಹಾಗೇ ಅಕ್ಕ.”

“ಹಾಗೇ ಅಂದ್ರೆ?”

“ತಟ್ಟಬೇಕು. ಎಲ್ರೂ ತಟ್ತಾರೆ.”

“ತಟ್ಟದೇ ಇದ್ರೆ ಏನಾಗುತ್ತೆ?”

ಅವನು ತಲೆ ಕೆರೆದುಕೊಳ್ಳುತ್ತಾನೆ. ತಟ್ಟದೇ ನೋಡಿದ್ದೇ ಇಲ್ಲ. ಬಾಗಿಲು ತೆರೆದು, ಮತ್ತೆ ಮುಚ್ಚಿ, ಈ ಸಲ ತಟ್ಟುವ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಹೆದರಿಕೊಂಡೇ ಗುಂಡಿ ಒತ್ತುತ್ತಾನೆ. ಯಂತ್ರ ಎಂದಿನಂತೆ ಗುರುಗುಟ್ಟುತ್ತ ತಿರುಗತೊಡಗುತ್ತದೆ. ಮೊದಲಿದ್ದ ಹಳೇ ಯಂತ್ರದ ಚಿಲಕ ಸಡಿಲವಾಗಿತ್ತು, ತಟ್ಟಿದರೆ ಮಾತ್ರ ಕೂರುತ್ತಿತ್ತು ಎಂಬುದು ಆಮೇಲೆ ಹಿರಿಯರೊಬ್ಬರಿಂದ ತಿಳಿಯುತ್ತದೆ. ಆ ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ತಟ್ಟುವುದು ಮಾತ್ರ ಕೈಯಿಂದ ಕೈಗೆ ದಾಟಿಕೊಂಡು ಇಲ್ಲಿಯವರೆಗೆ ಬಂದಿದೆ. ಪಕ್ಕದ ಯಂತ್ರದವನು ಅಷ್ಟರಲ್ಲಿ ತನ್ನ ಬಾಗಿಲಿಗೆ ಎರಡು ಏಟು ಕೊಟ್ಟಾಗಿದೆ.

“ಪಾಪ, ಅದರಿಂದ ನಷ್ಟ ಏನಿಲ್ಲ. ತಟ್ಟಿಕೊಳ್ಳಲಿ ಬಿಡಿ,” ಎಂದು ಅವರು ನಗುತ್ತ ಮುಂದಿನ ಯಂತ್ರದ ಕಡೆ ಹೊರಡುತ್ತಾರೆ. “ಆದ್ರೆ ‘ಅದು ಹಾಗೇ’ ಅಂತ ಯಾರಾದ್ರೂ ಅಂದ್ರೆ ನನ್ನ ಕಿವಿ ನೆಟ್ಟಗಾಗುತ್ತೆ. ಕಲಿಸೋದು ಏನಾದ್ರೂ ಇದ್ರೆ ಅದು ಆ ಮಾತಿನ ಹಿಂದೇನೇ ಇರುತ್ತೆ.”

ಇವರ ಎದೆಯ ಮೇಲಿನ ಬಿಲ್ಲೆಯಲ್ಲಿ ಹುದ್ದೆಯ ಹೆಸರು ಎರಡು ಸಾಲಿನಷ್ಟು ಉದ್ದವಿದೆ. ಅದನ್ನು ಯಾರೂ ಓದುವುದಿಲ್ಲ. ಲಾಂಡ್ರಿಯವರೆಲ್ಲ ಇವರನ್ನು ಕರೆಯುವುದು ಕಲಿಸಮ್ಮ ಎಂದು. ಯಾರ ಪಕ್ಕ ನಿಂತರೂ ‘ನಂಗೊಂಚೂರು ಕಲಿಸಪ್ಪ’, ‘ಕಲಿಸಮ್ಮ’ ಎಂದೇ ಮಾತು ತೆಗೆಯುವುದರಿಂದ ಬಂದ ಹೆಸರು. ಮೂರು ಆಸ್ಪತ್ರೆ, ಕೆಲವು ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಇಲ್ಲಿಗೇ ಬರುತ್ತದೆ. ನೂರಾರು ಜನ ರಾತ್ರಿ ಯಾವ ಶೀಟಿನ ಮೇಲೆ ಮಲಗುತ್ತಾರೆ ಎಂಬುದು ಹಗಲು ಇಲ್ಲಿ ದುಡಿಯುವ ಕೈಗಳ ಮೇಲೆ ನಿಂತಿದೆ. ಆ ಕೈಗಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಯಾರಿಗೆ ಏನನ್ನು ಕಲಿಸಬೇಕು ಎಂದು ಕಂಡುಹಿಡಿಯುವುದು ಕಲಿಸಮ್ಮನ ಕೆಲಸ. ಕಲಿಸುವುದಕ್ಕೆ ಬೇರೆಯವರಿದ್ದಾರೆ. ಯಂತ್ರದ ಕಂಪನಿಯವರು ಬರುತ್ತಾರೆ, ಸೋಪಿನವರು ಬರುತ್ತಾರೆ. ಆದರೆ ಯಾರನ್ನು ಯಾವ ತರಗತಿಯಲ್ಲಿ ಕೂರಿಸಬೇಕೆಂದು ಹೇಳುವವರು ಇವರೊಬ್ಬರೇ.

ಮನೆಯಲ್ಲಿ ಈ ಹುದ್ದೆಗೆ ಅಷ್ಟೇನೂ ಮರ್ಯಾದೆ ಇಲ್ಲ. ಒಂದು ಸಂಜೆ ಅವರ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ಅತ್ತೆ ತರಕಾರಿ ಹೆಚ್ಚುತ್ತ, ಸೊಸೆಯ ಬಗ್ಗೆ ಬರೆಯಲು ಬಂದ ನನ್ನನ್ನೇ ನ್ಯಾಯ ಕೇಳುತ್ತಾರೆ. “ಬೇರೆಯವರಿಗೆ ಏನು ಬರಲ್ಲ ಅಂತ ಹುಡುಕೋದಕ್ಕೂ ಸಂಬಳ ಕೊಡ್ತಾರೇನಮ್ಮ? ನಾನು ಈ ಮನೇಲಿ ಅದನ್ನ ಎಷ್ಟು ವರ್ಷದಿಂದ ಪುಕ್ಕಟೆ ಮಾಡ್ತಿದ್ದೀನಿ.”

“ನೀವು ಹುಡುಕೋದು ಮಾತ್ರ ಅತ್ತೆ, ಕಲಿಸಿದ್ದು ಯಾವಾಗ?” ಎಂದು ಸೊಸೆ ಒಲೆಯ ಮುಂದಿನಿಂದಲೇ ಕೇಳುತ್ತಾರೆ. ಒಳಗಿನಿಂದ ಗಂಡ ನಗುವುದು ಕೇಳಿಸುತ್ತದೆ. ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುವ ಅವರಿಗೆ ಈ ಇಬ್ಬರ ನಡುವೆ ಬಾಯಿ ಹಾಕಬಾರದೆಂಬುದು ಮದುವೆಯಾದ ಹೊಸತರಲ್ಲೇ ತಲೆಗೆ ಹತ್ತಿದೆ.

ಆ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದಾಗ, ಎಳೆಯ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಕಲಿಸಮ್ಮ ಈ ಲಾಂಡ್ರಿಗೆ ಬಂದರು. ಬಟ್ಟೆ ಒಣಗಿಸುವ ಕಡೆಗೆ ಹಾಕಿದ ಮೊದಲ ವಾರವೇ ಯಂತ್ರ ನಿಂತ ಕೂಡಲೇ ಬಾಗಿಲು ಎಳೆದರು. ಮುಖಕ್ಕೆ ಬಡಿಯಬೇಕಿದ್ದ ಹಬೆ ಮೊಳಕೈಗೆ ಬಡಿಯಿತು. ಗುರುತು ಇನ್ನೂ ಇದೆ. ಅದನ್ನು ತೋರಿಸುವಾಗ ಅವರ ಮಾತಿನಲ್ಲಿ ಯಾರ ಮೇಲೂ ಸಿಟ್ಟಿಲ್ಲ. “ಸ್ವಲ್ಪ ತಡೆದು ತೆಗೀಬೇಕು ಅಂತ ಯಾರೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂದ್ರೆ, ಅವರಿಗೆಲ್ಲ ಅದು ಎಷ್ಟು ಚೆನ್ನಾಗಿ ಗೊತ್ತಿತ್ತು ಅಂದ್ರೆ, ಅದೊಂದು ಹೇಳೋ ವಿಷಯ ಅಂತಾನೇ ಅವರಿಗೆ ಹೊಳೀಲಿಲ್ಲ. ತುಂಬ ಬಲ್ಲವರ ಹತ್ರ ಕಲಿಯೋದು ಕಷ್ಟ ನೋಡಿ.” ಕೈ ವಾಸಿಯಾಗಿ ಬಂದ ಮೇಲೆ, ಹೊಸದಾಗಿ ಯಾರೇ ಸೇರಿದರೂ ಅವರನ್ನು ಮೊದಲು ಆ ಬಾಗಿಲ ಮುಂದೆ ನಿಲ್ಲಿಸಿ ಎಚ್ಚರಿಸುವುದನ್ನು ತಾವಾಗಿಯೇ ರೂಢಿಸಿಕೊಂಡರು. ಅದನ್ನು ನೋಡಿದ ಆಗಿನ ಮ್ಯಾನೇಜರ್ ಕೆಲವು ವರ್ಷಗಳ ನಂತರ ಈ ಹುದ್ದೆಯನ್ನು ಅವರಿಗೆ ಕೊಟ್ಟರು.

ನಾನು ಲಾಂಡ್ರಿಗೆ ಹೋಗಿಬರುತ್ತಿದ್ದ ದಿನಗಳಲ್ಲಿ ಕಲಿಸಮ್ಮನ ಮುಖ ಒಂದು ವಿಷಯಕ್ಕೆ ಮಾತ್ರ ಸಪ್ಪಗಾಗುತ್ತಿತ್ತು. ಅದು ಎಡಗಡೆ ಅಕ್ಕನ ವಿಷಯ.

ಎಡಗಡೆ ಅಕ್ಕ ಶೀಟು ಮಡಚುವವರು. ಒದ್ದೆ ಶೀಟು ಬಿಸಿ ರೋಲರುಗಳ ನಡುವೆ ನುಸುಳಿ, ಇಸ್ತ್ರಿಯಾಗಿ, ಈ ಕಡೆ ಹೊರಬರುತ್ತದೆ. ಇಬ್ಬರು ಎದುರುಬದುರು ನಿಂತು, ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು, ಹತ್ತಿರ ಬಂದು, ದೂರ ಸರಿದು, ಮತ್ತೆ ಹತ್ತಿರ ಬಂದು ಅದನ್ನು ಮಡಚುತ್ತಾರೆ. ನೋಡುವುದಕ್ಕೆ ಕುಣಿತದ ಹಾಗಿರುತ್ತದೆ. ಮಡಚುವ ಮೇಜಿಗೆ ಬಂದಾಗಿನಿಂದಲೂ ಈಕೆ ಅದರ ಎಡಗಡೆಯೇ ನಿಂತಿದ್ದರಿಂದ ಆ ಹೆಸರು. ಬಲಗಡೆ ನಿಲ್ಲುತ್ತಿದ್ದವರು ದೊಡ್ಡಕ್ಕ. ಇಬ್ಬರದೂ ಇಡೀ ಲಾಂಡ್ರಿಗೆ ಹೆಸರಾದ ಜೋಡಿ. ದೊಡ್ಡಕ್ಕ ಕೆಲಸ ಬಿಟ್ಟು ಬೇರೆ ಊರಿನಲ್ಲಿರುವ ಮಗಳ ಮನೆಗೆ ಹೋದ ಮೇಲೆ, ದಿಂಬಿನ ಕವರು ಮಡಚುತ್ತಿದ್ದ ಹುಡುಗಿಯೊಬ್ಬಳನ್ನು ಆ ಜಾಗಕ್ಕೆ ಹಾಕಿದರು. ಅವಳನ್ನು ಎಲ್ಲರೂ ದಿಂಬಿನ ಹುಡುಗಿ ಎನ್ನುತ್ತಾರೆ.

ಅಲ್ಲಿಂದ ಎಲ್ಲ ಕೆಟ್ಟಿತು. ಶೀಟುಗಳು ಮೇಜಿನ ಮೇಲೆ ರಾಶಿ ಬೀಳತೊಡಗಿದವು. ಮಡಿಕೆ ಸೊಟ್ಟ. ಅದಕ್ಕಿಂತ ಹೆಚ್ಚಿನದೆಂದರೆ, ಕಲೆ ಉಳಿದ ಶೀಟುಗಳು ಆಸ್ಪತ್ರೆಗೆ ಹೋಗಿ ಅಲ್ಲಿಂದ ದೂರು ಬಂತು. ಎರಡು ಸಲ. ರೋಲರ್ ಯಂತ್ರವನ್ನು ಬದಲಾಯಿಸಿದ್ದೂ ದೊಡ್ಡಕ್ಕ ಹೋದ ತಿಂಗಳಲ್ಲೇ. ಹೊಸ ಯಂತ್ರದ ವೇಗಕ್ಕೆ ಈಕೆ ಒಗ್ಗಿಲ್ಲವೆಂದು ಕಲಿಸಮ್ಮ ತೀರ್ಮಾನಿಸಿ, ಕಂಪನಿಯವರ ತರಗತಿಗೆ ಕಳಿಸಿದರು. ಎಡಗಡೆ ಅಕ್ಕ ಯಂತ್ರದ ಗುಂಡಿಗಳನ್ನೆಲ್ಲ ಚೆನ್ನಾಗಿ ಕಲಿತು ಬಂದರು. ಶೀಟುಗಳು ಮಾತ್ರ ಮೊದಲಿನ ಹಾಗೇ ರಾಶಿ ಬಿದ್ದವು.

“ತಪ್ಪು ನಂದೇ,” ಎನ್ನುತ್ತಾರೆ ಕಲಿಸಮ್ಮ. “ಎದುರಿಗೆ ಹೊಸ ಯಂತ್ರ ಕಾಣ್ತಿತ್ತು. ಕಷ್ಟ ಅದರದ್ದೇ ಅಂದ್ಕೊಂಡ್ಬಿಟ್ಟೆ. ಹೋಗಿ ಪಕ್ಕ ನಿಂತು ನೋಡಲಿಲ್ಲ. ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು ಅವಳು. ಅವಳಿಗೇನು ಬರುತ್ತೆ ಅಂತ ನಂಗೆ ಗೊತ್ತು ಅಂತ ಒಂದು ಧಿಮಾಕು.”

ಈಗಿನ ಮ್ಯಾನೇಜರ್ ಕೆಟ್ಟವರಲ್ಲ. ಕಲಿಸಮ್ಮನಿಗಿಂತ ಚಿಕ್ಕವರು, ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. “ಕಲಿಸಿದ್ದೂ ಆಯ್ತು ಅಕ್ಕ. ಇನ್ನೇನು ಮಾಡೋದು ಹೇಳಿ. ಇನ್ನೊಂದು ಸಲ ಬೈಸಿಕೊಳ್ಳೋಕೆ ನಂಗೆ ಬೇರೆ ಮುಖ ಇಲ್ಲ,” ಎನ್ನುತ್ತಾರೆ. ಶನಿವಾರದವರೆಗೆ ನೋಡುವುದು, ಸರಿಹೋಗದಿದ್ದರೆ ಎಡಗಡೆ ಅಕ್ಕನನ್ನು ವಿಂಗಡಣೆ ಕೋಣೆಗೆ ಹಾಕುವುದು ಎಂದು ಮಾತಾಗುತ್ತದೆ.

ಲಾರಿಯಿಂದ ಇಳಿದ ಗಂಟುಗಳನ್ನು ಬಿಚ್ಚಿ, ರಕ್ತದ್ದು, ಮದ್ದಿನದು, ಇನ್ನೊಂದರದು ಎಂದು ಬೇರ್ಪಡಿಸುವ ಜಾಗವದು. ಕೈಗೆ ಗವಸು, ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ವಾಸನೆ ಮನೆಯವರೆಗೆ ಜೊತೆಗೆ ಬರುತ್ತದೆ. ಕಲಿಸಮ್ಮ, ಎಡಗಡೆ ಅಕ್ಕ ಇಬ್ಬರೂ ಮೊದಲು ದುಡಿದದ್ದು ಅಲ್ಲೇ. “ಆ ಕೆಲಸಕ್ಕೆ ನಾಚಿಕೆ ಇಲ್ಲ,” ಎನ್ನುತ್ತಾರೆ ಎಡಗಡೆ ಅಕ್ಕ, ಬಹಳ ಮೆಲ್ಲಗೆ. “ಆದ್ರೆ ಅಲ್ಲಿಂದ ಈ ಮೇಜಿನವರೆಗೆ ಬಂದವಳು ನಾನು. ಇಲ್ಲಿ ಬಟ್ಟೆ ಬೆಚ್ಚಗಿರುತ್ತೆ, ಒಳ್ಳೆ ವಾಸನೆ ಇರುತ್ತೆ. ಮನೆಗೆ ಹೋದ ಕೂಡ್ಲೇ ಮೊಮ್ಮಗು ಓಡಿಬಂದು ತಬ್ಬಿಕೊಳ್ಳುತ್ತೆ. ಅಲ್ಲಿಗೆ ಹೋದ್ರೆ ‘ತಡಿ ಪುಟ್ಟ, ಸ್ನಾನ ಮಾಡಿ ಬರ್ತೀನಿ’ ಅನ್ಬೇಕು.”

ಆ ವಾರದ ನಡುವಿನ ಒಂದು ಮುಂಜಾನೆ, ಮಡಚುವ ಉಳಿದವರು ಬರುವ ಮೊದಲೇ, ಕಲಿಸಮ್ಮ ಮೇಜಿನ ಬಲಗಡೆ ಹೋಗಿ ನಿಲ್ಲುತ್ತಾರೆ. ದಿಂಬಿನ ಹುಡುಗಿ ಪಕ್ಕದಲ್ಲಿ ಕೈಕಟ್ಟಿ ನೋಡುತ್ತಿದ್ದಾಳೆ.

“ನಂಗೊಂಚೂರು ಕಲಿಸೇ.”

“ನಿಂಗೇನೇ ಕಲಿಸೋದು, ನನ್ನ ಜೊತೆ ಬಂದವಳಿಗೆ,” ಎಂದು ಎಡಗಡೆ ಅಕ್ಕ ಸಣ್ಣಗೆ ನಗುತ್ತಾರೆ.

ಶೀಟು ಬರುತ್ತದೆ. ಇಬ್ಬರೂ ಮೂಲೆ ಹಿಡಿಯುತ್ತಾರೆ. ನಡುವೆ ಶೀಟು ಬಿಳಿಯ ತೊಟ್ಟಿಲಿನ ಹಾಗೆ ತೂಗುತ್ತದೆ. ಎಡಗಡೆ ಅಕ್ಕ ಹೇಳಿಕೊಡಲಿ ಎಂದು ಕಲಿಸಮ್ಮ ಕಾಯುತ್ತಾರೆ. ಎದುರಿನವರೂ ಸುಮ್ಮನೆ ನಿಂತಿದ್ದಾರೆ. ಹಿಂದಿನಿಂದ ಇನ್ನೊಂದು ಶೀಟು ಬಂದು ಮೇಜಿನ ಮೇಲೆ ಬೀಳುತ್ತದೆ. ಮತ್ತೊಂದು.

“ಯಾಕೇ ನಿಂತೆ?”

“ನೀನ್ಯಾಕೆ ನಿಂತೆ?”

ಬಿಸಿ ಬಟ್ಟೆಯಿಂದ ಎದ್ದ ನವಿರಾದ ಎಳೆಧೂಳು ಅಷ್ಟು ಹೊತ್ತಿಗೆ ಕಲಿಸಮ್ಮನ ಮೂಗು ಹೊಕ್ಕಿದೆ. ಅವರು ಗಟ್ಟಿಯಾಗಿ ಸೀನುತ್ತಾರೆ. ಕೈಗಳು ಅದುರಿ, ಶೀಟಿನ ಮೇಲೆ ಒಂದು ಅಲೆ ಎದ್ದು ಎದುರು ತುದಿಗೆ ಹೋಗಿ ಮುಟ್ಟುತ್ತದೆ. ಮುಟ್ಟಿದ್ದೇ ತಡ, ಎಡಗಡೆ ಅಕ್ಕ ಸರಸರನೆ ಮುಂದೆ ಬಂದು, ಮೂಲೆಗೆ ಮೂಲೆ ಕೂಡಿಸಿ, ಬಗ್ಗಿ ಮಡಿಕೆ ಹಿಡಿದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಶೀಟನ್ನು ಚಚ್ಚೌಕವಾಗಿ ಮಡಚಿ ಇಟ್ಟುಬಿಡುತ್ತಾರೆ. ಒಂದು ಎಳೆ ಅತ್ತಿತ್ತ ಇಲ್ಲ.

ಕಲಿಸಮ್ಮ ಮೂಗು ಒರೆಸುವುದನ್ನೂ ಮರೆತಿದ್ದಾರೆ. “ಈಗ ಯಾಕೆ ಮಡಚಿದೆ?”

“ನೀನು ಕೊಡವಿದೆಯಲ್ಲ.”

“ನಾನು ಸೀನಿದ್ದು ಕಣೇ.”

ದಿಂಬಿನ ಹುಡುಗಿ ಮೊದಲು ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಆಮೇಲೆ ಮೂವರೂ ಮೇಜು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಆ ಕಡೆಯಿಂದ ಯಂತ್ರಕ್ಕೆ ಶೀಟು ಹಾಕುತ್ತಿದ್ದ ರೋಲರಿನವನು ಏನಾಯಿತೆಂದು ಬಗ್ಗಿ ನೋಡುತ್ತಾನೆ.

ನಗು ಇಳಿದ ಮೇಲೆ ವಿಷಯ ಒಂದೊಂದಾಗಿ ಹೊರಗೆ ಬರುತ್ತದೆ. ಇಷ್ಟು ವರ್ಷವೂ ಶೀಟನ್ನು ಮೊದಲು ಕೊಡವುತ್ತಿದ್ದವರು ದೊಡ್ಡಕ್ಕ. ಆ ಅಲೆ ಬಂದು ಕೈಗೆ ತಾಗಿದಾಗ ಎಡಗಡೆ ಅಕ್ಕ ಮುಂದೆ ನಡೆಯುತ್ತಿದ್ದರು. ಹೀಗೊಂದು ಸೂಚನೆ ಇದೆ ಎಂದು ಇಬ್ಬರೂ ಯಾರಿಗೂ ಹೇಳಿದ್ದಿಲ್ಲ, ತಮಗೆ ತಾವೂ ಹೇಳಿಕೊಂಡಿದ್ದಿಲ್ಲ. ಇನ್ನು ದಿಂಬಿನ ಹುಡುಗಿ. ದಿಂಬಿನ ಕವರನ್ನು ಒಬ್ಬರೇ ಮಡಚುವುದು, ಅಲ್ಲಿ ಜೋಡಿಯ ಮಾತೇ ಇಲ್ಲ. “ಹಿರಿಯರು, ಅವರೇ ಶುರು ಮಾಡ್ಲಿ ಅಂತ ನಾನು ಕಾಯ್ತಿದ್ದೆ,” ಎನ್ನುತ್ತಾಳೆ ಅವಳು. ಒಬ್ಬಳು ಗೌರವಕ್ಕೆ ಕಾಯುತ್ತಿದ್ದಳು, ಇನ್ನೊಬ್ಬರು ಅಭ್ಯಾಸಕ್ಕೆ ಕಾಯುತ್ತಿದ್ದರು. ಶೀಟು ರಾಶಿ ಬೀಳುತ್ತಿತ್ತು.

“ಸರಿ. ಕಲೆ?” ಎಂದು ಕಲಿಸಮ್ಮ ಕೇಳುತ್ತಾರೆ. “ಕಲೆ ಕಾಣ್ಲಿಲ್ವಾ ನಿಂಗೆ?”

ಎಡಗಡೆ ಅಕ್ಕ ಮಗುಚಿಟ್ಟ ಬಟ್ಟೆಬುಟ್ಟಿಯ ಮೇಲೆ ಕೂತುಕೊಳ್ಳುತ್ತಾರೆ. “ಕಾಣ್ತಿತ್ತು.”

“ಮತ್ತೆ?”

“ವಾಪಸ್ ಹಾಕು ಅಂತ ಹೇಳೋರು ದೊಡ್ಡಕ್ಕ. ನಾನು ಅವರ ಮುಖ ನೋಡ್ತಿದ್ದೆ, ಅವರಿಗೆ ಅರ್ಥ ಆಗ್ತಿತ್ತು. ಈಗಲೂ ನೋಡ್ತೀನಿ. ಇವಳಿಗೆ ಅರ್ಥ ಆಗಲ್ಲ.”

“ನಾನು ಏನೋ ತಪ್ಪು ಮಾಡಿದ್ದಕ್ಕೆ ಗುರಾಯಿಸ್ತಿದ್ದಾರೆ ಅಂದ್ಕೊಂಡಿದ್ದೆ,” ಎನ್ನುತ್ತಾಳೆ ದಿಂಬಿನ ಹುಡುಗಿ.

“ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲೇ,” ಎನ್ನುತ್ತಾರೆ ಕಲಿಸಮ್ಮ ತಮ್ಮ ಗೆಳತಿಗೆ.

“ಹೇಳೋದು ನಾನಾ?” ಎಡಗಡೆ ಅಕ್ಕ ಕೇಳುತ್ತಾರೆ. ಅದರಲ್ಲಿ ಸಿಟ್ಟಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಪ್ರಶ್ನೆ.

ಕಣ್ಣಿಗೆ ಕಂಡದ್ದನ್ನು ಬಾಯಿಗೆ ತರುವುದು ಬೇರೆ ಯಾರದೋ ಕೆಲಸವೆಂದು ನಂಬಿ ಬದುಕು ಕಳೆದವರು ಈ ಮೇಜಿನ ಬಳಿ ಮಾತ್ರ ಇಲ್ಲ. ಅಂಥವರನ್ನು ನಾವೆಲ್ಲ ತುಂಬ ಒಳ್ಳೆಯವಳು, ಹೊಂದಿಕೊಂಡು ಹೋಗುತ್ತಾಳೆ ಎಂದು ಹೊಗಳುತ್ತೇವೆ. ಜೊತೆಗಿದ್ದವರು ಎದ್ದುಹೋದ ದಿನ, ಕೈ ಇಷ್ಟು ಚುರುಕಾಗಿರುವವಳು ಯಾಕೆ ಹೀಗೆ ನಿಂತುಬಿಟ್ಟಳೆಂದು ಆಶ್ಚರ್ಯಪಡುತ್ತೇವೆ.

ಕಲಿಸಮ್ಮನಿಗೆ ಈಗ ಕಲಿಸಬೇಕಾದದ್ದು ಗೊತ್ತಾಗಿದೆ. ಆದರೆ ಅದಕ್ಕೆ ತರಗತಿ ನಡೆಸುವ ಕಂಪನಿ ಯಾವುದೂ ಇಲ್ಲ. ಮೊದಲಿಗೆ ಎಡಗಡೆ ಅಕ್ಕನನ್ನು ಮೇಜಿನ ಬಲಗಡೆಗೆ ಕಳಿಸುತ್ತಾರೆ. ಅವರು ಬೇರೆಯವರ ಮನೆಯ ಪಡಸಾಲೆಯಲ್ಲಿ ನಿಂತವರ ಹಾಗೆ ಮುದುಡಿಕೊಂಡು ನಿಲ್ಲುತ್ತಾರೆ. ಶೀಟು ಬರುತ್ತದೆ. ಅವರ ಕೈ ಅಲ್ಲಾಡುವುದಿಲ್ಲ.

“ನೀನು ಕೊಡವೋವರೆಗೂ ನಾನು ಕದಲಲ್ಲ,” ಎನ್ನುತ್ತಾರೆ ಕಲಿಸಮ್ಮ ಎದುರಿನಿಂದ. “ಊಟದ ಹೊತ್ತಾದ್ರೂ ಸರಿ. ನಮ್ಮತ್ತೆ ಕೇಳಿದ್ರೆ ನಿನ್ನ ಹೆಸರೇ ಹೇಳ್ತೀನಿ.”

ಎಡಗಡೆ ಅಕ್ಕ ಕೊಡವುತ್ತಾರೆ. ಇರುವೆಯೂ ಎಚ್ಚರಗೊಳ್ಳದಷ್ಟು ಮೆಲ್ಲಗೆ.

“ಇದೇನೇ, ಮಗು ಮಲಗಿದೆಯಾ ಇದರ ಮೇಲೆ?”

ಎರಡನೆಯ ಸಲ ಸ್ವಲ್ಪ ಜೋರು. ಮೂರನೆಯ ಸಲ ಶೀಟು ಫಟಾರನೆ ಸದ್ದು ಮಾಡುತ್ತದೆ. ರೋಲರಿನವನು ಚಪ್ಪಾಳೆ ತಟ್ಟುತ್ತಾನೆ. ಮರುದಿನದ ಹೊತ್ತಿಗೆ ದಿಂಬಿನ ಹುಡುಗಿ ಎಡಗಡೆಗೂ ಎಡಗಡೆ ಅಕ್ಕ ಬಲಗಡೆಗೂ ನಿಂತು, ಮೇಜಿನ ಮೇಲೆ ರಾಶಿ ಬೀಳದಷ್ಟು ವೇಗಕ್ಕೆ ಬರುತ್ತಾರೆ. ಕೈ ಬಂದಾಯಿತು. ಬಾಯಿ ಬಂದಿಲ್ಲ. ಕಲೆ ಕಂಡಾಗಲೆಲ್ಲ ಎಡಗಡೆ ಅಕ್ಕ ಇನ್ನೂ ಎದುರಿನವಳ ಮುಖವನ್ನೇ ನೋಡುತ್ತಾರೆ. ಅದರ ಅರ್ಥ ಈಗ ತಿಳಿದಿರುವ ದಿಂಬಿನ ಹುಡುಗಿ ಥಟ್ಟನೆ ಶೀಟು ಎಳೆದುಕೊಳ್ಳುತ್ತಾಳೆ. ಕಲಿಸಮ್ಮ ಅವಳನ್ನು ಪಕ್ಕಕ್ಕೆ ಕರೆದು ಗದರುತ್ತಾರೆ. “ನೀನು ಇನ್ನೊಬ್ಬ ದೊಡ್ಡಕ್ಕ ಆಗ್ಬೇಡ. ಅವಳು ಎಷ್ಟು ನೋಡಿದ್ರೂ ನೋಡ್ಲಿ. ನೀನು ಗೋಡೆ ನೋಡು.”

ಶನಿವಾರ ಬೆಳಗ್ಗೆ ಮ್ಯಾನೇಜರ್ ಬಂದು ಮೇಜಿನ ತುದಿಯಲ್ಲಿ ನಿಲ್ಲುತ್ತಾರೆ. ಶೀಟುಗಳು ಬರುತ್ತವೆ, ಅಲೆ ಏಳುತ್ತದೆ, ಮಡಿಕೆ ಬೀಳುತ್ತದೆ. ಎಲ್ಲ ಸರಾಗ. ಮ್ಯಾನೇಜರ್ ತಲೆದೂಗುತ್ತಾರೆ, ಆದರೂ ಹೋಗುವುದಿಲ್ಲ. ಆಸ್ಪತ್ರೆಯವರು ದೂರಿದ್ದು ವೇಗದ ಬಗ್ಗೆಯಲ್ಲ, ಕಲೆಯ ಬಗ್ಗೆ. ಅಷ್ಟರಲ್ಲಿ ಒಂದು ಶೀಟು ಬರುತ್ತದೆ. ಎಡಗಡೆ ಅಕ್ಕನ ಕೈ ನಿಲ್ಲುತ್ತದೆ. ಎದುರಿನವಳ ಮುಖ ನೋಡುತ್ತಾರೆ. ದಿಂಬಿನ ಹುಡುಗಿ ಅತ್ಯಂತ ಶ್ರದ್ಧೆಯಿಂದ ಗೋಡೆ ನೋಡುತ್ತಿದ್ದಾಳೆ. ಕಲಿಸಮ್ಮನ ಕಡೆ ನೋಡುತ್ತಾರೆ. ಕಲಿಸಮ್ಮನಿಗೆ ಇದ್ದಕ್ಕಿದ್ದಂತೆ ತಮ್ಮ ಚಪ್ಪಲಿಯಲ್ಲಿ ಏನೋ ಕೆಲಸವಿದೆ.

“ಇದು ವಾಪಸ್,” ಎನ್ನುತ್ತಾರೆ ಎಡಗಡೆ ಅಕ್ಕ. ದನಿ ಅವರಿಗೇ ದೊಡ್ಡದಾಗಿ ಕೇಳಿಸಿರಬೇಕು, ಬೆಚ್ಚುತ್ತಾರೆ. “ಕಲೆ ಇದೆ. ಇದು ಹೋಗ್ಬಾರ್ದು.”

ಮ್ಯಾನೇಜರ್ ಶೀಟನ್ನು ಕೈಗೆ ತೆಗೆದುಕೊಳ್ಳುತ್ತಾರೆ. ನೋಡುತ್ತ ನಿಂತಂತೆ ಆ ‘ಕಲೆ’ ಎಲ್ಲರ ಕಣ್ಣೆದುರೇ ಮಾಯವಾಗುತ್ತದೆ. ರೋಲರಿನಲ್ಲಿ ಪೂರ್ತಿ ಆರದೆ ಉಳಿದ ಒದ್ದೆ, ಅಷ್ಟೇ. ಶೀಟು ಹಾಲಿನಂತಿದೆ. ಎಡಗಡೆ ಅಕ್ಕನ ಮುಖದಲ್ಲಿ ರಕ್ತವಿಲ್ಲ.

“ಪರವಾಗಿಲ್ಲ ಅಕ್ಕ,” ಎನ್ನುತ್ತಾರೆ ಮ್ಯಾನೇಜರ್, ನಗು ತಡೆದುಕೊಂಡು. “ಚೆನ್ನಾಗಿರೋದು ಇನ್ನೊಂದು ಸಲ ತೊಳೆದ್ರೆ ನೀರು ಸೋಪು ಹೋಗುತ್ತೆ. ಕೆಟ್ಟಿರೋದು ಹಾಗೇ ಹೋದ್ರೆ ನನ್ನ ಮಾನ ಹೋಗುತ್ತೆ. ನೀವು ಇಲ್ಲೇ ಇರಿ.” ಹೋಗುವ ಮುಂಚೆ ಕಲಿಸಮ್ಮನ ಕಡೆ ತಿರುಗುತ್ತಾರೆ. “ಮೇಲಿನವರಿಗೆ ಏನು ಕಲಿಸಿದ್ರಿ ಅಂತ ಬರೀಲಿ?”

“ಕೊಡವೋದು ಅಂತ ಬರೀರಿ ಸರ್,” ಎನ್ನುತ್ತಾರೆ ಕಲಿಸಮ್ಮ. “ಉಳಿದದ್ದು ಅವರಿಗೆ ಅರ್ಥ ಆಗಲ್ಲ.”

ಮುಂದಿನ ವಾರ ನಾನು ಹೋದಾಗ ಮಡಚುವ ಮೇಜುಗಳಲ್ಲಿ ಹೊಸದೊಂದು ಕ್ರಮ ಬಂದಿದೆ. ಬೆಳಗಿನ ಚಹಾ ಮುಗಿಸಿ ಬಂದವರೆಲ್ಲ ಎಡಬಲ ಜಾಗ ಬದಲಾಯಿಸಿಕೊಳ್ಳುತ್ತಾರೆ. ಮೊದಲು ಕೊಡವಿದವರು ಈಗ ಕಾಯುತ್ತಾರೆ, ಕಾದವರು ಕೊಡವುತ್ತಾರೆ. ಒಂದಿಬ್ಬರು ಗೊಣಗುತ್ತಿದ್ದಾರೆ, ಒಬ್ಬರ ಮೂಲೆ ಇನ್ನೊಬ್ಬರ ಮೂಗಿಗೆ ತಾಗುತ್ತಿದೆ. ಗದ್ದಲವೋ ಗದ್ದಲ.

ಕಲಿಸಮ್ಮನ ಉಪಾಯ ಎಂದುಕೊಂಡು ಹೊಗಳಲು ಹೋದರೆ ಅವರು ಕೈ ಅಡ್ಡ ಆಡಿಸಿ ಎಡಗಡೆ ಅಕ್ಕನತ್ತ ತೋರಿಸುತ್ತಾರೆ. “ನಂದಲ್ಲ. ಅವಳೇ ಮ್ಯಾನೇಜರ್ ಹತ್ರ ಹೋಗಿ ಹೇಳಿದ್ದು. ಯಾರೂ ನನ್ನ ಹಾಗೆ ಅರ್ಧ ಕೆಲಸ ಕಲಿತು ನಿಲ್ಲಬಾರದು ಅಂತ. ನಂಗೆ ಒಂದು ಮಾತು ಕೇಳ್ಲೂ ಇಲ್ಲ.” ಆ ಕೊನೆಯ ಮಾತನ್ನು ದೂರಿನಂತೆ ಹೇಳಲು ನೋಡುತ್ತಾರೆ. ಮುಖ ಒಪ್ಪುವುದಿಲ್ಲ, ಅರಳಿಬಿಡುತ್ತದೆ.

ಇಷ್ಟು ವರ್ಷದಲ್ಲಿ ನಿಮಗೆ ಏನಾದರೂ ಬೇಕೆನಿಸಿದೆಯೇ ಎಂದು ಕೇಳುತ್ತೇನೆ. ಅವರು ಟೊಪ್ಪಿಗೆ ತೆಗೆದು ಕೂದಲು ಕೊಡವಿಕೊಂಡು ಯೋಚಿಸುತ್ತಾರೆ.

“ನಾನು ಎಲ್ಲರ ಪಕ್ಕ ನಿಂತಿದ್ದೀನಿ. ನನ್ನ ಪಕ್ಕ ಯಾರೂ ನಿಂತಿಲ್ಲ. ನಂಗೂ ಬರದೇ ಇರೋದು ಇರುತ್ತಲ್ಲ, ಅವಳನ್ನ ಯಂತ್ರದ ತರಗತಿಗೆ ಕಳಿಸಿದೆನಲ್ಲ, ಅಂಥದ್ದು. ಒಂದು ದಿನ ಯಾರಾದ್ರೂ ಜೊತೆಗೇ ಓಡಾಡಿ, ಇಲ್ಲಿ ನೋಡು, ಇದು ನಿಂಗೆ ಬರಲ್ಲ, ಕಲಿತ್ಕೋ ಅಂತ ಹೇಳ್ಬೇಕು. ಅವಳನ್ನೇ ಕೇಳಿದ್ದೀನಿ, ಬರೋ ವಾರ ಬಂದು ನಿಂತ್ಕೊಳ್ತೀನಿ ಅಂದಿದ್ದಾಳೆ.”

ಮೇಜಿನ ಕಡೆ ನೋಡುತ್ತಾರೆ. ಅಲ್ಲಿ ಎಡಗಡೆ ಅಕ್ಕ ಶೀಟೊಂದನ್ನು ಬೆಳಕಿಗೆ ಹಿಡಿದು, ದಿಂಬಿನ ಹುಡುಗಿಯೊಂದಿಗೆ ವಾದಕ್ಕೆ ನಿಂತಿದ್ದಾರೆ.

“ಈಗ ಬಾಯಿ ಬಿಟ್ಟು ಹೇಳ್ತಾಳೆ.”